ಹಸಿವು ಕೊನೆಗೆ ಬಂತು

ಬಲಪಾದದ ಮೂಳೆಯೊಂದರಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿದೆಯೆಂದು ಮೂಳೆ ವೈದ್ಯರು ಎಂಆರ್‌ಐ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಾಗ ನನಗೆ 27 ವರ್ಷ. ಎಷ್ಟು ದಿನ ಓಡುವ ಹಾಗಿಲ್ಲ ಎಂಬುದೊಂದೇ ಆಗ ನನ್ನ ಪ್ರಶ್ನೆಯಾಗಿತ್ತು. ಅವರು ಅದಕ್ಕೆ ಉತ್ತರಿಸದೆ, ಹಿಂದಿನ ವರ್ಷ ಎಡಗಾಲಿಗೆ ಆಗಿದ್ದ ಇಂಥದೇ ಬಿರುಕಿನ ಕಾಗದವನ್ನು ಇನ್ನೊಮ್ಮೆ ಓದಿ, "ದಿನಕ್ಕೆ ಎಷ್ಟು ಸಲ ಊಟ ಮಾಡುತ್ತೀರಿ?" ಎಂದು ಕೇಳಿದರು. ನಾನು ಸುಳ್ಳು ಹೇಳಿದೆ. ಎಂಟು ವರ್ಷ ಹೇಳಿ ಹೇಳಿ ನುಣುಪಾಗಿದ್ದ ಆ ಸುಳ್ಳು ಬೇರೆ ಎಲ್ಲ ಕಡೆ ಚಲಾವಣೆಯಾಗಿತ್ತು, ಅಲ್ಲಿ ಆಗಲಿಲ್ಲ. ಅವರು ಮರುಮಾತಾಡದೆ ಮೂಳೆಯ ಸಾಂದ್ರತೆಯ ಸ್ಕ್ಯಾನ್‌ಗೂ ಹಾರ್ಮೋನುಗಳ ರಕ್ತಪರೀಕ್ಷೆಗೂ ಬರೆದುಕೊಟ್ಟರು. ವಾರದ ನಂತರ ಫಲಿತಾಂಶ ಬಂದಾಗ ನನ್ನ ಬೆನ್ನುಮೂಳೆ ನನಗಿಂತ ಬಹಳ ಹಿರಿಯನೊಬ್ಬನದಾಗಿತ್ತು, ಟೆಸ್ಟೊಸ್ಟೆರಾನ್ ಇರಬೇಕಾದದ್ದಕ್ಕಿಂತ ತೀರ ಕೆಳಗಿತ್ತು. "ಇದು ಮೂಳೆಯಿಂದ ಶುರುವಾದ ಕಾಯಿಲೆಯಲ್ಲ" ಎಂದು ಹೇಳಿ ಅವರು ನನ್ನನ್ನು ಮನೋವೈದ್ಯರ ಬಳಿಗೆ ಕಳುಹಿಸಿದರು. ಅಲ್ಲಿ ಅದಕ್ಕೆ ಹೆಸರು ಸಿಕ್ಕಿತು: ಅನೊರೆಕ್ಸಿಯಾ ನರ್ವೋಸಾ, ತೂಕ ಹೆಚ್ಚುವ ಭಯದಲ್ಲಿ ಊಟವನ್ನು ಬಿಡುತ್ತ ಹೋಗುವ ಮನಸ್ಸಿನ ಕಾಯಿಲೆ.

ಅದು ಎಲ್ಲಿಂದ ಶುರುವಾಗಿತ್ತು ಎಂಬುದನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೂರು ವಾರ ಜ್ವರದಲ್ಲಿ ಮಲಗಿ ಎದ್ದಾಗ ಮೈ ಇಳಿದಿತ್ತು, ಮತ್ತು ಅದಕ್ಕೂ ಮುಂಚೆ ನನ್ನನ್ನು ಗಮನಿಸದೇ ಇದ್ದವರೆಲ್ಲ ಚೆನ್ನಾಗಿ ಕಾಣುತ್ತಿದ್ದೀಯ ಎಂದರು. ಆ ಮಾತು ಕಾರಣವೆಂದು ನಾನು ಹೇಳುತ್ತಿಲ್ಲ. ಇದೇ ಮಾತನ್ನು ಕೇಳಿಸಿಕೊಂಡ ನೂರಾರು ಜನರಲ್ಲಿ ಯಾರಿಗೋ ಒಬ್ಬರಿಗೆ ಹೀಗಾಗುತ್ತದೆ. ಅದರಲ್ಲಿ ವಂಶವಾಹಿಯ ಪಾಲು ಗಣನೀಯವೆಂಬುದನ್ನೂ, ಆತಂಕದ ಸ್ವಭಾವದವರಿಗೂ ಎಲ್ಲವೂ ಅಚ್ಚುಕಟ್ಟಾಗಿರಬೇಕೆನ್ನುವವರಿಗೂ ಅಪಾಯ ಹೆಚ್ಚೆಂಬುದನ್ನೂ ಆಮೇಲೆ ತಿಳಿದೆ. ನನ್ನ ಮಟ್ಟಿಗೆ ಅದು ಒಣಗಿದ ಹುಲ್ಲಿಗೆ ಬಿದ್ದ ಕಿಡಿ. ಜ್ವರದಲ್ಲಿ ತಾನಾಗಿ ಆದದ್ದನ್ನು ಜ್ವರ ಬಿಟ್ಟ ಮೇಲೆ ನಾನಾಗಿ ಮುಂದುವರಿಸಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಆ ದಿನಗಳಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ರೋಗವೇ ಆ ಗಾದೆಯನ್ನು ನನ್ನ ಬಾಯಿಂದ ಹೇಳಿಸುತ್ತಿತ್ತು.

ಇದು ಸೌಂದರ್ಯದ ಹುಚ್ಚು ಎಂದು ತಿಳಿದವರು ಬಹಳ. ಮೊದಲ ಕೆಲವು ತಿಂಗಳು ಹಾಗೆ ಇದ್ದಿರಬಹುದು. ಆಮೇಲೆ ಕನ್ನಡಿಗೂ ಇದಕ್ಕೂ ಸಂಬಂಧ ಕಡಿದುಹೋಯಿತು. ಉಳಿದದ್ದು ಲೆಕ್ಕ. ತಲೆಯೊಳಗೆ ಒಬ್ಬ ಗುಮಾಸ್ತ ಬಂದು ಕೂತ, ಅವನಿಗೆ ರಜೆ ಇರಲಿಲ್ಲ. ಇಂದು ಏನು, ಎಷ್ಟು, ಎಷ್ಟು ಹೊತ್ತಿಗೆ, ಅದಕ್ಕೆ ಎಷ್ಟು ಓಡಬೇಕು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂಬ ಲೆಕ್ಕವನ್ನು ಅವನು ನಾನು ಪಾಠ ಕೇಳುವಾಗ, ಕೆಲಸ ಮಾಡುವಾಗ, ಗೆಳೆಯನೊಬ್ಬ ತನ್ನ ತಂದೆ ತೀರಿಕೊಂಡದ್ದನ್ನು ಹೇಳಿಕೊಂಡು ಅಳುವಾಗ ಕೂಡ ನಿಲ್ಲಿಸದೆ ಬರೆಯುತ್ತಿದ್ದ. ಆ ಗೆಳೆಯನ ಮುಖ ನೋಡುತ್ತಲೇ ನಾನು ರಾತ್ರಿಯ ಊಟದ ಲೆಕ್ಕ ಮಾಡುತ್ತಿದ್ದೆ ಎಂಬುದನ್ನು ಇಂದಿಗೂ ಅವನಿಗೆ ಹೇಳಿಲ್ಲ. ನಿಯಮಗಳು ಒಂದರ ಮೇಲೊಂದು ಬಂದವು. ಒಂದನ್ನು ಪಾಲಿಸಿದರೆ ನೆಮ್ಮದಿ ಸಿಗುತ್ತಿತ್ತು, ಆದರೆ ಅದು ಮರುದಿನಕ್ಕೆ ಸಾಕಾಗುತ್ತಿರಲಿಲ್ಲ. ನಾನು ಬಹಳ ಸಂಯಮಿಯೆಂದು ಜನ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ತಿನ್ನದಿರುವುದು ನನ್ನ ಕೈಯಲ್ಲಿರಲಿಲ್ಲ, ತಿನ್ನುವುದೂ ಇರಲಿಲ್ಲ.

ಮೂರನೆಯ ವರ್ಷದ ಹೊತ್ತಿಗೆ ಇನ್ನೊಂದು ಶುರುವಾಯಿತು, ಇದನ್ನು ಬರೆಯಲು ನನಗೆ ಮೇಲಿನದ್ದೆಲ್ಲಕ್ಕಿಂತ ಕಷ್ಟ. ದಿನಗಟ್ಟಲೆ ಹಿಡಿದಿಟ್ಟ ಮೇಲೆ ಒಂದು ರಾತ್ರಿ, ಯಾರೂ ಇಲ್ಲದಾಗ, ಕೈ ತಾನಾಗಿ ಚಲಿಸಿದಂತೆ ತಿನ್ನುತ್ತಿದ್ದೆ. ರುಚಿ ತಿಳಿಯುತ್ತಿರಲಿಲ್ಲ, ನಿಲ್ಲಿಸಲಾಗುತ್ತಿರಲಿಲ್ಲ. ಬೆಳಗಾದರೆ ನಾಚಿಕೆ, ಆ ನಾಚಿಕೆಗೆ ಪ್ರಾಯಶ್ಚಿತ್ತವಾಗಿ ಮತ್ತಷ್ಟು ಬಿಗಿ, ಆ ಬಿಗಿಯ ತುದಿಯಲ್ಲಿ ಮತ್ತೊಂದು ಅಂಥ ರಾತ್ರಿ. ನನ್ನ ದುರ್ಬಲತೆಯೇ ಇದಕ್ಕೆ ಕಾರಣ, ಸಂಯಮ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಸಂಯಮವೆಂದು ನಾನು ಕರೆಯುತ್ತಿದ್ದುದೇ ಆ ರಾತ್ರಿಗಳನ್ನು ಹೆರುತ್ತಿದೆ ಎಂಬ ಸರಳ ವಿಷಯ ತಿಳಿಯಲು ಐದು ವರ್ಷ ಬೇಕಾಯಿತು.

ಅಷ್ಟು ವರ್ಷ ಯಾರಿಗೂ ತಿಳಿಯಲಿಲ್ಲವೇ ಎಂದು ಕೇಳುತ್ತಾರೆ. ತಲೆಸುತ್ತೆಂದು ಹೋದಾಗ ಒಬ್ಬ ವೈದ್ಯರು ನನ್ನ ನಾಡಿ ಹಿಡಿದು, ಇಷ್ಟು ನಿಧಾನದ ನಾಡಿ ಓಟಗಾರರಿಗೇ ಇರುವುದು, ನಿಮ್ಮ ತೂಕವನ್ನು ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿದೆ ಎಂದು ನಕ್ಕು ಕಳುಹಿಸಿದ್ದರು. ಅವರ ಮೇಲೆ ನನಗೆ ಬಹಳ ಕಾಲ ಸಿಟ್ಟಿತ್ತು. ಈಗ ಅರ್ಧ ಉಳಿದಿದೆ. ಗಂಡಸೊಬ್ಬನಿಗೆ ಇದು ಬರಬಹುದೆಂಬ ಯೋಚನೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು 1870ರ ದಶಕದಲ್ಲಿ ಕೊಟ್ಟವರು ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್. ಅದಕ್ಕೂ ಬಹಳ ಮುಂಚೆ, 1689ರಲ್ಲೇ, ರಿಚರ್ಡ್ ಮಾರ್ಟನ್ ಎಂಬ ಇನ್ನೊಬ್ಬ ವೈದ್ಯ ಕ್ಷಯವೂ ಇಲ್ಲದೆ ಜ್ವರವೂ ಇಲ್ಲದೆ ಊಟ ಬಿಟ್ಟು ಕರಗಿದ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದ. ಒಬ್ಬಳು ಹದಿನೆಂಟರ ಹುಡುಗಿ, ಇನ್ನೊಬ್ಬ ಹದಿನಾರರ ಹುಡುಗ. ದಾಖಲೆಯ ಮೊದಲ ಪುಟದಲ್ಲಿಯೇ ಇದ್ದ ಆ ಹುಡುಗ ಮುಂದಿನ ಮೂರು ಶತಮಾನ ಹೆಚ್ಚುಕಡಿಮೆ ಕಾಣೆಯಾದ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ, 2013ರ ಪರಿಷ್ಕರಣೆಯಲ್ಲಿ ಕೈಬಿಡುವವರೆಗೂ, ಈ ಕಾಯಿಲೆಯ ಲಕ್ಷಣಗಳ ಪಟ್ಟಿಯಲ್ಲಿ ಮುಟ್ಟು ನಿಲ್ಲುವುದೂ ಒಂದು ಎಂದು ಬರೆದಿತ್ತು. ಇದನ್ನು ನನ್ನ ಮನೋವೈದ್ಯೆ ಹೇಳಿದಾಗ ಆಸ್ಪತ್ರೆಗೆ ಸೇರಿದ ಮೇಲೆ ಮೊದಲ ಸಲ ನಾನು ನಕ್ಕೆ.

ಅವರು ನನ್ನ ನಾಡಿಯನ್ನೂ ನೋಡಿದರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಎದ್ದು ಕೋಣೆಯ ಆಚೆ ತುದಿಯವರೆಗೆ ನಡೆದು ಬರಲು ಹೇಳಿ ಮತ್ತೆ ಎಣಿಸಿದರು. ಅಷ್ಟಕ್ಕೇ ನಾಡಿ ದುಪ್ಪಟ್ಟಾಗಿತ್ತು. ಪಳಗಿದ ಓಟಗಾರನ ಹೃದಯ ನಿಧಾನವಾಗಿ ಬಡಿಯುವುದು ಬಲದಿಂದ. ನಾಲ್ಕು ಹೆಜ್ಜೆಗೆ ಅದು ಗಾಬರಿಯಾಗುವುದಿಲ್ಲ. ಉಪವಾಸದ ಹೃದಯ ನಿಧಾನವಾಗುವುದು ಇರುವ ಎಣ್ಣೆಯಲ್ಲಿ ದೀಪ ಉಳಿಸಿಕೊಳ್ಳುವುದಕ್ಕೆ. ಸದಾ ತಣ್ಣಗಿರುವ ಕೈ, ತೋಳಿನ ಮೇಲೆ ಹುಟ್ಟಿದ್ದ ನವಿರಾದ ಕೂದಲು, ಎರಡೂ ಆ ಉಳಿತಾಯದ ಲೆಕ್ಕವೇ ಎಂದು ಅವರು ವಿವರಿಸಿದರು. ತೆಳ್ಳಗೆ ಕಾಣದವರಿಗೂ ಹೀಗೇ ಆಗಬಹುದು, ತೂಕದ ಸಂಖ್ಯೆಯೊಂದನ್ನೇ ನೋಡಿ ಯಾರಿಗೆ ಅಪಾಯವಿದೆ ಎಂದು ಹೇಳಲಾಗದು ಎಂದೂ ಹೇಳಿದರು. ಮನಸ್ಸಿನ ಕಾಯಿಲೆಗಳ ಪೈಕಿ ಸಾವು ಹೆಚ್ಚಿರುವವುಗಳಲ್ಲಿ ಇದೂ ಒಂದು ಎಂಬ ಮಾತನ್ನು ಅವರು ಬೆದರಿಸುವ ಧ್ವನಿಯಲ್ಲಿ ಹೇಳಲಿಲ್ಲ. ಅದಕ್ಕೇ ಹೆದರಿದೆ.

ಆಸ್ಪತ್ರೆಯ ಮೂರು ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ವಿಷಯದ ಹೊರತು. ತಿನ್ನಲು ಒಪ್ಪಿದೆನಲ್ಲ, ಇನ್ನೇನು ಎಂದು ನಾನು ತಿಳಿದಿದ್ದೆ. ಆದರೆ ಬಹುಕಾಲ ಬರಿದಾಗಿದ್ದ ದೇಹಕ್ಕೆ ಒಮ್ಮೆಲೇ ಊಟ ಸಿಕ್ಕರೆ ಇನ್ಸುಲಿನ್ ಏರಿ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗಿಬಿಡುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯ ತಾಳ ತಪ್ಪುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದವರಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತದ್ದು ಹೀಗೆ. ರೀಫೀಡಿಂಗ್ ಸಿಂಡ್ರೋಮ್ ಎಂಬ ಈ ಅಪಾಯಕ್ಕಾಗಿ ನನಗೆ ಮೊದಲು ಥಯಮಿನ್ ಎಂಬ ಬಿ1 ಜೀವಸತ್ವ ಕೊಟ್ಟು, ದಿನವೂ ರಕ್ತ ತೆಗೆದು, ಅಳೆದು ಅಳೆದು ಊಟ ಹೆಚ್ಚಿಸಿದರು. ಮನೆಯಲ್ಲಿ ಒಬ್ಬನೇ ಸರಿಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದ ನಾನು ಆ ವಿಷಯದಲ್ಲಿ ಮಾತ್ರ ತೆಪ್ಪಗಾದೆ.

ನಿಜವಾದ ಕೆಲಸ ಬಿಡುಗಡೆಯ ನಂತರದ್ದು, ಅದನ್ನು ಮಾಡಿಸಿದವರು ಡಯಟಿಷಿಯನ್. ನಾನು ಮೊದಲ ದಿನವೇ ಅವರಿಗೆ, ಹಸಿವಾಗತೊಡಗಿದರೆ ಖಂಡಿತ ತಿನ್ನುತ್ತೇನೆ, ಆದರೆ ಹಸಿವೇ ಆಗುವುದಿಲ್ಲವಲ್ಲ ಎಂದೆ. ಅವರು ಹೇಳಿದ ಮಾತು ಹೆಚ್ಚುಕಡಿಮೆ ಹೀಗಿತ್ತು: ನಿಮ್ಮ ಹಸಿವು ಈಗ ನಂಬಲರ್ಹವಲ್ಲ, ನಿಮ್ಮ ಹೊಟ್ಟೆ ತುಂಬಿದ ಅನುಭವವೂ ಅಲ್ಲ, ಎರಡೂ ಸರಿಹೋಗುವವರೆಗೆ ಗಡಿಯಾರ ಹೇಳಿದಂತೆ ತಿನ್ನಬೇಕು. ಮೂರು ಊಟ, ನಡುವೆ ಎರಡು ಮೂರು ಲಘು ಆಹಾರ, ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಬಿಡುವು ಇಲ್ಲ. ಬೇಕೆನಿಸಲಿ, ಬೇಡವೆನಿಸಲಿ, ಹಿಂದಿನ ರಾತ್ರಿ ಏನೇ ಆಗಿರಲಿ, ಮುಂದಿನದ್ದು ಅದರ ಹೊತ್ತಿಗೇ. ಅಂದರೆ ಪ್ರಾಯಶ್ಚಿತ್ತಕ್ಕೆ ಅವಕಾಶವೇ ಇಲ್ಲ. ಇದು ಕೇಳುವುದಕ್ಕೆ ಎಷ್ಟು ಸಪ್ಪೆ ಎಂದರೆ, ನನ್ನ ಒಳಮನಸ್ಸನ್ನು ಬಗೆದು ತೋರಿಸುವ ಚಿಕಿತ್ಸೆಗಾಗಿ ಕಾದಿದ್ದ ನನಗೆ ಅವಮಾನವೇ ಆಯಿತು. ಅನೊರೆಕ್ಸಿಯಾವನ್ನೇ ಗುಣಪಡಿಸುವ ಮಾತ್ರೆ ಇಲ್ಲ, ಸದ್ಯಕ್ಕೆ ತಟ್ಟೆಯೇ ಔಷಧಿ ಎಂದು ಅವರು ಹೇಳಿದ್ದನ್ನು ಅಲಂಕಾರವೆಂದು ತಿಳಿದಿದ್ದೆ. ಅವರು ಅಕ್ಷರಶಃ ಹೇಳಿದ್ದರು.

ಮೊದಲ ತಿಂಗಳುಗಳಲ್ಲಿ ಆ ಔಷಧಿ ನುಂಗಲು ಆಗದಷ್ಟು ಕಹಿಯಾಗಿತ್ತು. ಜಠರ ತನ್ನ ಕೆಲಸವನ್ನೇ ಮರೆತಿದ್ದರಿಂದ ನಾಲ್ಕು ತುತ್ತಿಗೆ ಹೊಟ್ಟೆ ಉಬ್ಬುತ್ತಿತ್ತು, ಗಂಟೆಗಟ್ಟಲೆ ಕಲ್ಲಿನಂತೆ ಕೂರುತ್ತಿತ್ತು. ಕಣಕಾಲು ಊದಿಕೊಂಡಿತು. ನಡುರಾತ್ರಿ ಬೆವರಿ ಎದ್ದರೆ ಹಾಸಿಗೆ ಒದ್ದೆಯಾಗಿರುತ್ತಿತ್ತು. ತೂಕ ಮೊದಲು ಹೊಟ್ಟೆಯ ಸುತ್ತಲೇ ಸೇರುತ್ತದೆ, ಉಳಿದ ಮೈಗೆ ಹಂಚಿಹೋಗಲು ವರ್ಷವೋ ಹೆಚ್ಚೋ ಬೇಕು ಎಂಬುದನ್ನು ಮುಂಚೆಯೇ ಹೇಳಿದ್ದರು. ಹೇಳಿರದಿದ್ದರೆ ಎರಡನೆಯ ತಿಂಗಳಿಗೆ ನಾನು ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆ. ಇದಕ್ಕಿಂತ ವಿಚಿತ್ರವೆಂದರೆ, ಮೈ ಸುಧಾರಿಸುತ್ತ ಬಂದಂತೆ ಮನಸ್ಸು ಇನ್ನೂ ಕೆಟ್ಟಿತು. ಗುಮಾಸ್ತ ಕೂಗಾಡತೊಡಗಿದ. ಕಾಯಿಲೆಯಲ್ಲಿದ್ದಾಗ ಮಂಕಾಗಿದ್ದ ದುಃಖ, ಸಿಟ್ಟು, ಒಂಟಿತನವೆಲ್ಲ ಊಟದ ಜೊತೆಗೆ ವಾಪಸು ಬಂದವು. ಮನೆಯವರು ಮಾತ್ರ ನನ್ನ ಕೆನ್ನೆ ನೋಡಿ, ಅಂತೂ ಗುಣವಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟದ್ದು ಸರಿಯಾಗಿ ಆ ದಿನಗಳಲ್ಲೇ.

ಆ ಹೊತ್ತಿಗೆ ನನ್ನ ಥೆರಪಿಸ್ಟ್ ಒಂದು ಹಳೆಯ ಪ್ರಯೋಗದ ವಿವರ ತಂದುಕೊಟ್ಟರು. 1944ರ ಕೊನೆಯಿಂದ 1945ರ ಕೊನೆಯವರೆಗೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧ ಮಾಡಲೊಪ್ಪದೆ ಈ ಸೇವೆಗೆ ಮುಂದೆ ಬಂದ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು, ಆಮೇಲೆ ಮತ್ತೆ ಊಟಕ್ಕೆ ತರುವ ಬಗೆಯನ್ನು ಅಧ್ಯಯನ ಮಾಡಿದ. ಯುದ್ಧದಿಂದ ಹಸಿದಿದ್ದ ಜನರಿಗೆ ನೆರವಾಗುವುದು ಹೇಗೆಂದು ತಿಳಿಯುವುದು ಅದರ ಉದ್ದೇಶ. ಮೈಮನಗಳೆರಡೂ ಗಟ್ಟಿಯಾಗಿದ್ದವರನ್ನೇ ಆರಿಸಿದ್ದರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಹುಚ್ಚು ಇರಲಿಲ್ಲ. ಆದರೂ ವಾರಗಳು ಕಳೆದಂತೆ ಅವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತು ಇದ್ದದ್ದನ್ನು ವಿಚಿತ್ರವಾಗಿ ಕಲಸಿ ಎಳೆದೆಳೆದು ತಿಂದರು, ಊಟವನ್ನೇ ಕನಸು ಕಂಡರು, ಸ್ನೇಹಿತರಿಂದ ದೂರವಾದರು, ಕಾಮನೆ ಬತ್ತಿತು, ಚಳಿ ತಡೆಯದಾಯಿತು. ಹೊಟ್ಟೆ ತುಂಬ ಊಟ ಮತ್ತೆ ಸಿಕ್ಕ ಮೇಲೂ ಹಲವರಿಗೆ ತಿಂಗಳುಗಳ ಕಾಲ ಎಷ್ಟು ತಿಂದರೂ ತಣಿಯದ ಹಸಿವು ಕಾಡಿತು.

ನಾನು ಅದನ್ನು ಒಂದೇ ಗುಕ್ಕಿಗೆ ಓದಿ, ಮತ್ತೆ ಮೊದಲಿನಿಂದ ಓದಿದೆ. ನನ್ನ ಕಪಾಟಿನಲ್ಲಿ, ನಾನು ಎಂದೂ ಮಾಡದ ಅಡುಗೆಗಳ ಪುಸ್ತಕಗಳು ಎರಡು ಸಾಲು ಇದ್ದವು. ನನ್ನದೇ ಸ್ವಭಾವವೆಂದು, ನನ್ನದೇ ಕೊಳಕು ರಹಸ್ಯವೆಂದು ತಿಳಿದದ್ದರಲ್ಲಿ ಬಹುಪಾಲು ಯಾವ ಮನುಷ್ಯನನ್ನು ಹಸಿವಿನಲ್ಲಿಟ್ಟರೂ ಆಗುವಂಥದು. ಆ ರಾತ್ರಿಗಳೂ ಅಷ್ಟೇ. ಎಲ್ಲವೂ ಹಾಗಲ್ಲ, ಆ ಯುವಕರಿಗೆ ಪ್ರಯೋಗ ಮುಗಿಯುವ ದಿನ ಗೊತ್ತಿತ್ತು, ಅವರು ಅದಕ್ಕಾಗಿ ಕಾಯುತ್ತಿದ್ದರು, ನನ್ನ ಪ್ರಯೋಗವನ್ನು ನಾನೇ ಮುಗಿಯಗೊಡುತ್ತಿರಲಿಲ್ಲ. ಆ ವ್ಯತ್ಯಾಸವೇ ಕಾಯಿಲೆ. ಆದರೆ ಹೊಟ್ಟೆ ತುಂಬುವವರೆಗೆ ಯಾವುದು ಕಾಯಿಲೆ, ಯಾವುದು ಬರಿಯ ಹಸಿವು ಎಂದು ಬೇರ್ಪಡಿಸಲು ಆಗುವುದಿಲ್ಲ, ಆದ್ದರಿಂದ ಊಟ ಮೊದಲು, ಅರ್ಥ ಆಮೇಲೆ. ಡಯಟಿಷಿಯನ್ ಅವರ ಸಪ್ಪೆ ಗಡಿಯಾರಕ್ಕೆ ನಾನು ಮನಸಾರೆ ತಲೆಬಾಗಿದ್ದು ಅಂದು.

ಥೆರಪಿ ನಡೆದದ್ದು ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ, ಯೋಚನೆಯನ್ನೂ ನಡವಳಿಕೆಯನ್ನೂ ಮಾತಿನ ಮೂಲಕ ತಿದ್ದುವ ಸಿಬಿಟಿ-ಇ ಎಂಬ ವಿಧಾನದಲ್ಲಿ, ನನ್ನಂಥವರಿಗೆ ಅದು ಸುಮಾರು 40 ವಾರದ್ದು. ಅದರಲ್ಲಿ ನನಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ನಾನು ಅತಿ ಹೆಚ್ಚು ದ್ವೇಷಿಸಿದ ಭಾಗ. ಆಸ್ಪತ್ರೆಯಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿ ತೂಕ ನೋಡುತ್ತಿದ್ದರು. ಇಲ್ಲಿ ವಾರಕ್ಕೊಮ್ಮೆ ಇಬ್ಬರೂ ಒಟ್ಟಿಗೆ ನೋಡಿ ನಕ್ಷೆಯ ಮೇಲೆ ಚುಕ್ಕಿ ಇಡಬೇಕು, ಉಳಿದ ದಿನ ತಕ್ಕಡಿ ಮುಟ್ಟುವಂತಿಲ್ಲ. ಒಂದು ವಾರದ ಚುಕ್ಕಿಗೆ ಅರ್ಥವಿಲ್ಲ, ನಾಲ್ಕು ವಾರದ ಗೆರೆಯನ್ನು ಓದಬೇಕು ಎಂಬುದು ನಿಯಮ. ನೀರು, ಉಪ್ಪು, ನಿದ್ದೆ, ಎಲ್ಲಕ್ಕೂ ಅಲುಗಾಡುವ ಆ ಸಂಖ್ಯೆಯನ್ನು ನಾನು ಎಂಟು ವರ್ಷ ನನ್ನ ನಡತೆಯ ಮೇಲಿನ ತೀರ್ಪೆಂದು ಓದಿದ್ದೆ. ಅದು ಬರೀ ಹವಾಮಾನ ಎಂದು ತಿಳಿಯಲು ಸುಮಾರು ಹದಿನೈದು ಚುಕ್ಕಿ ಬೇಕಾದವು.

ಒಂದು ದಿನ ಥೆರಪಿಸ್ಟ್ ಮಾತಿನ ನಡುವೆ, ಹೋದ ತಿಂಗಳ ಯಾವುದಾದರೊಂದು ಮಂಗಳವಾರ ಏನು ತಿಂದಿರಿ ಎಂದು ಕೇಳಿದರು. ನಾನು ತುತ್ತು ತುತ್ತಾಗಿ ಹೇಳಿದೆ. ಆ ದಿನ ಬೇರೇನು ನಡೆಯಿತು ಎಂದರು. ಬಾಯಿ ಕಟ್ಟಿತು. ಆ ದಿನ ಯಾರನ್ನು ಕಂಡೆ, ಏನು ಮಾತಾಡಿದೆ, ಮಳೆ ಬಂದಿತ್ತೋ ಬಿಸಿಲಿತ್ತೋ, ಒಂದೂ ನೆನಪಿರಲಿಲ್ಲ. ಅವರು ಏನನ್ನೂ ಹೇಳದೆ ಬರೆದುಕೊಂಡರು.

ಮನೆಯವರ ಪೈಕಿ ಅಕ್ಕನನ್ನು ಮಾತ್ರ ಇಲ್ಲಿ ನೆನೆಯುತ್ತೇನೆ. ಉಳಿದವರು ಪ್ರೀತಿಯಿಂದಲೇ ಗದರಿದರು, ಬೇಡಿದರು, ತಟ್ಟೆಯನ್ನು ಓರೆಗಣ್ಣಿನಿಂದ ಎಣಿಸಿದರು, ಈಗ ಚೆನ್ನಾಗಿ ಕಾಣುತ್ತೀಯ ಎಂದರು. ಈ ಕೊನೆಯ ಮಾತು ನನ್ನ ಕಿವಿಗೆ ಎರಡು ಹೊತ್ತಿನ ಊಟ ಬಿಡಿಸುವಷ್ಟು ವಿಷವಾಗಿ ಕೇಳುತ್ತಿತ್ತು. ಅಕ್ಕ ದಿನವೂ ಎದುರಿಗೆ ಕೂತು ತನ್ನ ಊಟ ತಾನು ಮಾಡುತ್ತ, ಓದುತ್ತಿದ್ದ ಪುಸ್ತಕದ ಬಗ್ಗೆಯೋ ಕಚೇರಿಯ ಜಗಳದ ಬಗ್ಗೆಯೋ ಮಾತಾಡುತ್ತಿದ್ದಳು. ನಾನು ಮುಗಿಸುವವರೆಗೂ ಏಳುತ್ತಿರಲಿಲ್ಲ, ಅವಳ ಊಟ ಮುಗಿದು ಕೈ ಒಣಗಿ ಅರ್ಧ ಗಂಟೆ ಕಳೆದಿದ್ದರೂ. ಒಮ್ಮೆ ನಾನು ಸಿಟ್ಟಿನಲ್ಲಿ, ನನ್ನನ್ನು ಕಾವಲು ಕಾಯುತ್ತಿದ್ದೀಯಾ ಎಂದು ಕೂಗಿದೆ. "ಹೌದು" ಎಂದಳು, ಅಷ್ಟೆ, ಕಚೇರಿಯ ಜಗಳ ಮುಂದುವರಿಸಿದಳು.

ಎರಡನೆಯ ವರ್ಷ ಕೆಲಸ ಬದಲಾಯಿಸಿದಾಗ ಮತ್ತೆ ಜಾರಿದೆ. ಅದು ಜಾರಿದಂತೆಯೇ ಇರಲಿಲ್ಲ: ಕೆಲಸದ ಒತ್ತಡವೆಂದು ನಡುವಿನ ಲಘು ಆಹಾರ ಒಂದು ತಪ್ಪಿತು, ಆ ಗಂಟೆಗಳಲ್ಲಿ ತಲೆ ಹಗುರಾದಂತೆ ಒಂದು ಹಳೆಯ ಖುಷಿ ಸುಳಿಯಿತು, ಮರುವಾರ ಇನ್ನೊಂದು ತಪ್ಪಿತು. ಆರು ವಾರದ ಹೊತ್ತಿಗೆ ಗುಮಾಸ್ತ ತನ್ನ ಹಳೆಯ ಕುರ್ಚಿಯಲ್ಲಿದ್ದ. ಈ ಸಲದ ವ್ಯತ್ಯಾಸವೆಂದರೆ ಆ ಖುಷಿಯ ಗುರುತು ನನಗೆ ಸಿಕ್ಕಿತು. ನಾನಾಗಿಯೇ ಅಕ್ಕನಿಗೆ ಹೇಳಿದೆ, ಹೇಳುವಾಗ ಬಾಯಿ ತಡವರಿಸಿತು, ಎಂಟು ವರ್ಷದ ನುಣುಪು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಮತ್ತೆ ಗಡಿಯಾರ, ಮತ್ತೆ ತಿಂದದ್ದನ್ನು ಬರೆದಿಡುವ ನೋಟ್‌ಪುಸ್ತಕ, ಓಟ ಮತ್ತೆ ಬಂದ್. ಓಡುವುದನ್ನು ಇಂದಿಗೂ ಶುರುಮಾಡಿಲ್ಲ. ಮೂಳೆಗಳು ಒಂದಿಷ್ಟು ಸುಧಾರಿಸಿವೆ. ಪೂರ್ತಿ ಮೊದಲಿನಂತೆ ಆಗಲಾರವೆಂದು ಮೂಳೆ ವೈದ್ಯರು ಹೇಳಿದ್ದಾರೆ.

ಹಸಿವು ಬಂದದ್ದು ಅದಾದ ಎಷ್ಟೋ ತಿಂಗಳ ನಂತರ, ಒಂದು ಸಂಜೆ, ಬಸ್ಸಿಗೆ ಕಾಯುತ್ತಿರುವಾಗ. ಹುಳಿಯಾದದ್ದೇನಾದರೂ ತಿನ್ನಬೇಕೆನಿಸಿತು. ಗಡಿಯಾರ ನೋಡಿದೆ, ಹೊತ್ತಾಗಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ, ಯಾರೂ ಹೇಳದೆ, ಇಂಥದೇ ಬೇಕೆಂದು ಬಾಯಲ್ಲಿ ನೀರೂರಿದ್ದು ಹತ್ತು ವರ್ಷಕ್ಕೂ ಮೇಲಾಗಿತ್ತು. ಮೊದಲು ಭಯವಾಯಿತು. ಆ ಕೆಟ್ಟ ರಾತ್ರಿಗಳೇ ಹಗಲಲ್ಲಿ ಬಂದವೇನೋ ಎಂದುಕೊಂಡೆ. ಮನೆಗೆ ಹೋಗಿ ಹುಳಿಯಾದದ್ದನ್ನು ತಿಂದೆ, ಸಾಕೆನಿಸಿತು, ನಿಲ್ಲಿಸಿದೆ. ಬಯಕೆ ಮೊದಲು ಬರಲಿ, ಆಮೇಲೆ ತಿನ್ನುತ್ತೇನೆ ಎಂದು ಕಾಯುತ್ತ ಕೂತಿದ್ದರೆ ಆ ಸಂಜೆ ಎಂದೂ ಬರುತ್ತಿರಲಿಲ್ಲ.

ಡಯಟಿಷಿಯನ್ ಕೊಟ್ಟ ನೋಟ್‌ಪುಸ್ತಕದಲ್ಲಿ ದಿನಕ್ಕೆ ಆರು ಮನೆ ಇರುತ್ತಿದ್ದವು. ತಿಂದ ತಕ್ಷಣ ತುಂಬಬೇಕು. ಕಳೆದ ವರ್ಷದ ಭೇಟಿಯೊಂದರಲ್ಲಿ ಅವರು ಪುಟ ಮಗುಚುತ್ತ, ಗುರುವಾರದ ಮಧ್ಯಾಹ್ನದ ಮನೆ ಖಾಲಿ ಇದೆಯಲ್ಲ, ತಪ್ಪಿತೇ ಎಂದು ಕೇಳಿದರು. ಇಲ್ಲ, ತಿಂದಿದ್ದೆ. ಆ ದಿನ ಅಪ್ಪನನ್ನು ಕಳೆದುಕೊಂಡಿದ್ದ ಆ ಗೆಳೆಯ ಬಂದಿದ್ದ, ಅವನ ಮಗಳಿಗೆ ಹೊಸದಾಗಿ ಎರಡು ಹಲ್ಲು ಬಂದಿದ್ದವು, ಮಳೆ ಜೋರಾಗಿದ್ದರಿಂದ ಸಂಜೆಯವರೆಗೂ ಮಾತಾಡುತ್ತ ಕೂತಿದ್ದೆವು. ತಿಂದದ್ದು ಏನೆಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಆ ಮನೆಯನ್ನು ಖಾಲಿಯೇ ಬಿಟ್ಟು ಪುಟ ತಿರುವಿದರು.